ಬಾಣಂತಿ ಕೋಣೆಯ ಮಲ್ಲಿಗೆ ವಾಸನೆ

ಹರಪನಹಳ್ಳಿಯನ್ನು ಬಳ್ಳಾರಿ ಜಿಲ್ಲೆಯಿಂದ ತೆಗೆದು ದಾವಣಗೆರೆಗೆ ಸೇರಿಸಿದ ಮರುವರ್ಷ, ಅಂದರೆ 1998ರಲ್ಲಿ, ನಾನು ಹೂವಿನಹಡಗಲಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್.ಎಚ್.ವಿ. ಆಗಿದ್ದೆ. ಲೇಡಿ ಹೆಲ್ತ್ ವಿಸಿಟರ್ ಅನ್ನುವುದರ ಗಿಡ್ಡ ಹೆಸರು ಅದು. ಸರ್ಕಾರಿ ಕಾಗದದಲ್ಲಿ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ, ಜನರ ಬಾಯಲ್ಲಿ ದೊಡ್ಡ ನರ್ಸಮ್ಮ. ಹಳ್ಳಿಗಳಲ್ಲಿ ಹೆರಿಗೆ, ಚುಚ್ಚುಮದ್ದು, ಬಾಣಂತಿಯರ ಆರೈಕೆ ನೋಡಿಕೊಳ್ಳುವ ಕಿರಿಯ ನರ್ಸುಗಳಿಗೆ ಎ.ಎನ್.ಎಂ. ಅನ್ನುತ್ತಾರೆ. ಅವರ ಕೆಲಸದ ಮೇಲೆ ಕಣ್ಣಿಡುವುದು, ಅವರಿಗೆ ಬಿಡಿಸಲಾಗದ ಗಂಟನ್ನು ಹೋಗಿ ಬಿಡಿಸುವುದು ನನ್ನ ಕೆಲಸ. ನಾನು ಹುಟ್ಟಿ ಬೆಳೆದದ್ದು ಕೊಟ್ಟೂರಿನಲ್ಲಿ, ಅಜ್ಜಿಯ ಸೆರಗಿನಲ್ಲಿ. ಅಜ್ಜಿ ಸೂಲಗಿತ್ತಿ. ಹಾಗಾಗಿ ಬಾಣಂತಿ ಕೋಣೆ ನನಗೆ ನೌಕರಿಗೆ ಮುಂಚಿನಿಂದಲೂ ಗೊತ್ತಿದ್ದ ಜಾಗ.

ಆ ದಿನಗಳಲ್ಲಿ ನಮ್ಮ ಬ್ಯಾಗು ಕಂಡರೆ ಸಾಕು, ಕಟ್ಟೆಯ ಮೇಲೆ ಕುಳಿತವರು ಮಾತು ನಿಲ್ಲಿಸಿಬಿಡುತ್ತಿದ್ದರು. ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಹೆಂಗಸರನ್ನು ಹುಡುಕಿಕೊಂಡು ಬಂದರು ಎಂಬ ಗುಮಾನಿ. ಇಷ್ಟು ಆಪರೇಷನ್ ಆಗಲೇಬೇಕು ಎಂಬ ಗುರಿಯನ್ನು ಸರ್ಕಾರ ಕೈಬಿಟ್ಟಿದೆ ಎಂದು ನಾವು ಹೇಳಿದರೆ, ‘ಹೌದ್ಹೌದು’ ಎಂದು ತಲೆ ಆಡಿಸಿ ಸೊಸೆಯಂದಿರನ್ನು ಹಿತ್ತಲಿಗೆ ಕಳಿಸುತ್ತಿದ್ದರು. ಕೂಸಿನ ತೂಕ ನೋಡುವುದು ಇನ್ನೂ ಕಷ್ಟದ ಕೆಲಸ. ನಮ್ಮದು ತೊಲೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿ, ಅದರ ಕೆಳಗೊಂದು ಬಟ್ಟೆಯ ಜೋಳಿಗೆ. ಒಬ್ಬ ಮುದುಕಿ ಕೇಳಿದ್ದು ಇನ್ನೂ ನೆನಪಿದೆ: “ಸಂತ್ಯಾಗ ಮೆಣಸಿನಕಾಯಿ ತೂಗಿದಂಗ ಕೂಸು ತೂಗ್ತೀಯಲ್ಲವ್ವ, ನಾಳಿ ದೃಷ್ಟಿಯಾಗಿ ಕೂಸು ಇಳದ್ರ ನೀ ಜವಾಬು ಕೊಡ್ತಿಯೇನು?”

ಏಪ್ರಿಲ್ ತಿಂಗಳ ಸಭೆ ಮುಗಿದ ಮೇಲೆ ಸಾವಿತ್ರಿ ಎಂಬ ಎ.ಎನ್.ಎಂ. ಹೋಗದೆ ಉಳಿದಳು. ಕೂಡ್ಲಿಗಿ ಕಡೆಯ ಹುಡುಗಿ, ಕೆಲಸಕ್ಕೆ ಹೊಸಬಳು, ಕಣ್ಣು ಚುರುಕು.

“ಮೇಡಂ, ನನ್ನ ಊರಾಗ ಒಂದು ಮನಿ ಐತಿ. ಅಲ್ಲಿ ಏನೋ ನಡದೈತ್ರಿ.”

“ಏನು ನಡದೈತಿ?”

“ಅದ ಗೊತ್ತಾಗವಲ್ದು. ಹೆಣ್ಣು ಕೂಸು. ಜ್ವರ ಇಲ್ಲ, ಭೇದಿ ಇಲ್ಲ, ಕೆಮ್ಮಿಲ್ಲ. ಬರೇ ಬಾಡಾಕತ್ತೈತಿ.”

ಅವಳು ತೋರಿಸಿದ ಬೆಳವಣಿಗೆ ನಕ್ಷೆ ನೋಡಿದೆ. ಮಗುವಿನ ತೂಕವನ್ನು ತಿಂಗಳುಗಳ ಪಟ್ಟಿಯ ಮೇಲೆ ಚುಕ್ಕೆಯಿಟ್ಟು, ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯುವ ಕಾಗದ ಅದು. ಗೆರೆ ಏರುತ್ತಾ ಹೋಗಬೇಕು. ಹುಟ್ಟಿದ ವಾರದಲ್ಲಿ ಈ ಕೂಸು ಎರಡು ಕಿಲೋ ಎಂಟುನೂರು ಗ್ರಾಂ. ಹಳ್ಳಿಯ ಮನೆ ಹೆರಿಗೆಗೆ ಒಳ್ಳೆಯ ತೂಕವೇ. ಒಂದೂವರೆ ತಿಂಗಳಿಗೆ ನಾಲ್ಕು ಕಿಲೋ. ಅಲ್ಲಿಯವರೆಗೆ ಗೆರೆ ಏಣಿ ಹತ್ತಿದಂತೆ ಹತ್ತಿದೆ. ಆಮೇಲೆ ಮಲಗಿಬಿಟ್ಟಿದೆ. ಮೂರು ತಿಂಗಳಿಗೂ ಅದೇ ನಾಲ್ಕು ಕಿಲೋ. ಆ ವಯಸ್ಸಿನಲ್ಲಿ ತಿಂಗಳಿಗೆ ಮುಕ್ಕಾಲು ಕಿಲೋದ ಹತ್ತಿರ ಏರಬೇಕಾದ ಕೂಸು ಒಂದೂವರೆ ತಿಂಗಳು ನಿಂತಲ್ಲೇ ನಿಂತಿದೆ ಎಂದರೆ, ಅದರ ಮೈ ಒಳಗಿನಿಂದ ತನ್ನನ್ನೇ ಖರ್ಚು ಮಾಡಿಕೊಳ್ಳುತ್ತಿದೆ ಎಂದು ಅರ್ಥ. ಇನ್ನೊಂದು ತಿಂಗಳು ಹೀಗೇ ಹೋದರೆ ಸಣ್ಣದೊಂದು ಭೇದಿ ಬಂದರೂ ಉಳಿಯುವುದಿಲ್ಲ.

“ತಾಯಿ ಏನಂತಾಳ?”

“ತಾಯಿ ಬಾಯಿ ಬಿಡಂಗಿಲ್ರಿ. ಅತ್ತಿ ಬಿಡಾಕ ಬಿಡಂಗಿಲ್ಲ.”

ಮರುದಿನವೇ ಸಾವಿತ್ರಿಯನ್ನು ಕರೆದುಕೊಂಡು ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಮನೆಯವರ ಹೆಸರುಗಳೂ ನಾನಿಟ್ಟವು. ಅವರದು ಮಲ್ಲಿಗೆ ತೋಟದ ಮನೆ. ಬೇಸಿಗೆ ಅಲ್ಲಿ ಹೂವಿನ ಸುಗ್ಗಿ. ನಸುಕಿನಲ್ಲಿ ಮನೆಮಂದಿಯೆಲ್ಲ ತೋಟಕ್ಕೆ ಹೋಗಿ ಮೊಗ್ಗು ಬಿಡಿಸುತ್ತಾರೆ, ಬಿಸಿಲು ಏರುವುದರೊಳಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತಾರೆ. ಗಂಟು ತೆಗೆದುಕೊಂಡು ಹೋಗುವವನು ಮನೆಯ ಮಗ ಕೊಟ್ರೇಶ. ಅವನ ತಾಯಿ ನಾಗವ್ವ, ಹೆಂಡತಿ ರೇಣುಕಾ. ಮತ್ತೆ ಈ ಕೂಸು. ಅಷ್ಟೇ ಜನ.

ನಾಗವ್ವ ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈ ಕೊಟ್ಟು ನಿಂತಿದ್ದಳು. ಒಳಗೆ ಹೋಗಬೇಕಾದರೆ ಅವಳ ಕೈಕೆಳಗೆ ಬಗ್ಗಿ ಹೋಗಬೇಕು.

“ದೊಡ್ಡ ನರ್ಸಮ್ಮಾರು ಬಂದ್ರಿ. ಏನು ಸಣ್ಣಾಕಿ ಹೇಳಿ ಕಳಿಸ್ಯಾಳೇನು? ನಾವೇನು ಕೂಸಿನ ಬಾಯಾಗ ಮಣ್ಣು ಹಾಕೀವೇನ್ರಿ? ಹಾಲು ಬತ್ತ್ಯಾವ ಆಕಿಗೆ. ಡಬ್ಬಿ ಹಾಲು ತಂದೀವಿ. ಓಣ್ಯಾಗ ಆಕಳ ಹಾಲು ಹಚ್ಚೀವಿ. ಇನ್ನೇನು ಮಾಡಬೇಕು ಹೇಳ್ರಿ.”

“ಏನೂ ಮಾಡಬ್ಯಾಡವ್ವ. ಬಿಸಿಲಾಗ ಬಂದೀನಿ, ಒಂದು ತಂಬಿಗಿ ನೀರು ಕೊಡು” ಎಂದೆ.

ನೀರು ಕೇಳಿದವರನ್ನು ಬಾಗಿಲಲ್ಲಿ ನಿಲ್ಲಿಸುವ ಮನೆ ನಮ್ಮ ಕಡೆ ಇಲ್ಲ. ಕೈ ಇಳಿಸಿದಳು.

ಬಾಣಂತಿ ಕೋಣೆ ಕತ್ತಲು. ತಲೆಗೆ ಬಟ್ಟೆ ಕಟ್ಟಿಕೊಂಡು ರೇಣುಕಾ ಗೋಡೆಗೆ ಒರಗಿದ್ದಳು. ಇಪ್ಪತ್ತೆರಡರ ಆಸುಪಾಸು. ತೊಡೆಯ ಮೇಲಿನ ಕೂಸಿನ ಮುಖ ಮುದುಕರ ಮುಖದಂತೆ ಸುಕ್ಕಾಗಿತ್ತು. ಕಣ್ಣು ಮಾತ್ರ ದೊಡ್ಡವಾಗಿ ನನ್ನನ್ನೇ ನೋಡುತ್ತಿದ್ದವು. ಪಕ್ಕದಲ್ಲಿದ್ದ ಹಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದೆ. ಆಚೆಗಿನ ಕಿಟಕಿಯ ಸರಳು ಕಾಣಿಸಿತು. ಡಬ್ಬಿ ತುಟ್ಟಿ, ವಾರಕ್ಕೆ ಮುಗಿಯಬೇಕಾದದ್ದನ್ನು ತಿಂಗಳವರೆಗೆ ಎಳೆಯುತ್ತಾರೆ. ಕೂಸಿನ ಹೊಟ್ಟೆ ತುಂಬುತ್ತದೆ, ನೀರಿನಿಂದ.

ಅಷ್ಟರಲ್ಲಿ ಕೂಸು ಅತ್ತಿತು. ನಾನು ಕೂಸನ್ನು ನೋಡಲಿಲ್ಲ, ತಾಯಿಯನ್ನು ನೋಡಿದೆ. ಅಜ್ಜಿ ಕಲಿಸಿದ್ದು ಅದು. ರೇಣುಕಾ ತಟ್ಟನೆ ಸೆರಗು ಎಳೆದುಕೊಂಡಳು. ಆದರೂ ರವಿಕೆಯ ಮೇಲೆ ಒದ್ದೆಯ ಗುರುತು ಅಗಲವಾಗುವುದು ನನಗೆ ಕಂಡಿತು. ಕೂಸು ಅತ್ತರೆ ತಾಯಿಗೆ ಹಾಲು ಇಳಿಯುತ್ತದೆ, ಅದು ಅವಳ ಕೈಯಲ್ಲಿಲ್ಲ. ಬತ್ತಿದ ಎದೆ ರವಿಕೆ ನೆನೆಸುವುದಿಲ್ಲ.

“ಹಾಲು ಅದಾವಲ್ಲವ್ವ” ಎಂದೆ ಮೆಲ್ಲಗೆ.

ರೇಣುಕಾ ಬಾಗಿಲ ಕಡೆ ನೋಡಿದಳು. ನಾಗವ್ವ ತಂಬಿಗೆ ಹಿಡಿದು ನಿಂತಿದ್ದಳು. “ಇಲ್ರಿ” ಎಂದಳು ರೇಣುಕಾ.

ಆ ಕೋಣೆಯಲ್ಲಿ ಮಲ್ಲಿಗೆ ವಾಸನೆ ಗಮ್ಮೆಂದಿತ್ತು. ನಾನು ಅದಕ್ಕೆ ಬೆಲೆ ಕೊಡಲಿಲ್ಲ. ಆ ಊರಿನಲ್ಲಿ ಮಲ್ಲಿಗೆ ವಾಸನೆ ಇಲ್ಲದ ಜಾಗ ಎಲ್ಲಿದೆ?

ಹೊರಗೆ ಬಂದ ಮೇಲೆ ಸಾವಿತ್ರಿ ತಡೆಯಲಾರದೆ ಹೇಳಿದಳು. “ಮುದುಕಿದ ಕೆಲಸ ಮೇಡಂ. ಹೆಣ್ಣು ಹುಟ್ಟೈತಿ. ಎದಿ ಬಿಡಿಸಿದ್ರ ಬ್ಯಾಗ ಇನ್ನೊಂದು ಬಸಿರು ನಿಲ್ತೈತಿ, ಗಂಡು ಆಗಬೌದು ಅಂತ ಲೆಕ್ಕ.”

ಅದು ಸುಳ್ಳು ಲೆಕ್ಕವಲ್ಲ. ಎದೆ ಹಾಲು ಕುಡಿಸುವವರೆಗೆ ಮುಂದಿನ ಬಸಿರು ಸಾಮಾನ್ಯವಾಗಿ ತಡವಾಗುತ್ತದೆ ಎಂದು ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಹೆಣ್ಣು ಕೂಸುಗಳನ್ನು ಬೇಗ ಬಿಡಿಸಿದ ಮನೆಗಳನ್ನು ನಾನೇ ನೋಡಿದ್ದೆ. ಮುದುಕಿ ಬಾಗಿಲು ಕಾಯುವ ರೀತಿ, ಸೊಸೆ ಅವಳ ಮುಖ ನೋಡಿ ಮಾತು ನುಂಗುವ ರೀತಿ, ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಒಂದು ವಿಷಯ ಮಾತ್ರ ಕೂಡಿಬರಲಿಲ್ಲ.

“ಕೂಸು ಬ್ಯಾಡಾದಾಕಿ ಅಷ್ಟು ತುಟ್ಟಿ ಡಬ್ಬಿ ಯಾಕ ತರ್ತಾಳ ಸಾವಿತ್ರಿ?”

“ಜನರ ಕಣ್ಣಿಗೆ ಮಣ್ಣೆರಚಾಕ್ರಿ.”



ಸಂಜೆ ಹಡಗಲಿಗೆ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಪಕ್ಕದ ಹೆಂಗಸು ಮದುವೆಗೆಂದು ಹೂವಿನ ಬುಟ್ಟಿ ಹಿಡಿದಿದ್ದಳು. ಮೊಗ್ಗು ಅರಳುವ ಹೊತ್ತು. ಆ ತಣ್ಣನೆಯ ವಾಸನೆ ಮೂಗಿಗೆ ಬಿದ್ದಾಗ ಏನೋ ಕೊರೆಯಿತು. ಕೋಣೆಯಲ್ಲಿದ್ದದ್ದು ಈ ವಾಸನೆ ಅಲ್ಲ. ಅದು ಬೆಚ್ಚಗಿತ್ತು, ಹುಳಿಯಾಗಿತ್ತು. ಮೈ ಶಾಖಕ್ಕೆ ಬಾಡಿದ ಹೂವಿನ ವಾಸನೆ. ಆದರೆ ರೇಣುಕಾಳ ಮುಡಿಯಲ್ಲಿ ಹೂವಿರಲಿಲ್ಲ. ಆ ಕಡೆ ಬಾಣಂತಿ ಹೂ ಮುಡಿಯುವುದಿಲ್ಲ, ಶೀತ ಎನ್ನುತ್ತಾರೆ.

ಆ ವಾಸನೆ ನನಗೆ ಎಲ್ಲಿ ಸಿಕ್ಕಿತ್ತು ಎಂದು ಆಗ ನೆನಪಾಯಿತು. ಕೊಟ್ಟೂರಿನಲ್ಲಿ ನಾನು ಲಂಗ ಹಾಕುವ ಹುಡುಗಿಯಾಗಿದ್ದಾಗ ಅಜ್ಜಿಯ ಜೊತೆ ಒಂದು ಮನೆಗೆ ಹೋಗಿದ್ದೆ. ಹೆರಿಗೆಯಾಗಿ ಕೂಸು ಸತ್ತಿತ್ತು. ಕುಡಿಯುವ ಬಾಯಿಲ್ಲದೆ ಆ ತಾಯಿ ಎದೆ ಕಲ್ಲಾಗಿ ನರಳುತ್ತಿದ್ದಳು. ಅಜ್ಜಿ ಮಲ್ಲಿಗೆ ಹೂಗಳನ್ನು ಎದೆಗೆ ಹರಡಿ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿದಳು. ದಿನ ದಿನವೂ ಹೂ ಬದಲಿಸಿದಳು. ಹಾಲು ಇಂಗಿತು. ಹಾಲು ನಿಲ್ಲಿಸಲು ಮಲ್ಲಿಗೆ ಕಟ್ಟುವುದು ಹಳೆಯ ಮದ್ದು, ಹಳಬರಿಗೆಲ್ಲ ಗೊತ್ತಿದ್ದದ್ದೇ. “ಇದು ಯಾರಿಗೆ ಕಟ್ಟೂದು ಗೊತ್ತೇನವ್ವ?” ಎಂದು ಅಜ್ಜಿ ದಾರಿಯಲ್ಲಿ ಕೇಳಿದ್ದಳು. “ಕೂಸು ಮಣ್ಣಿಗೆ ಹೋದ ಮ್ಯಾಲ ಕಟ್ಟೂದು. ಕೂಸು ಇರೋ ಮನ್ಯಾಗ ಇದರ ಹೆಸರೂ ಎತ್ತಬಾರ್ದು.”

ಆ ಮನೆಯಲ್ಲಿ ಕೂಸು ಇದೆ. ಕಣ್ಣು ಬಿಟ್ಟು ನನ್ನನ್ನು ನೋಡಿದೆ. ಅದು ಇರುವಾಗಲೇ ಯಾರೋ ಅದು ಹೋದ ಹಾಗೆ ನಡೆದುಕೊಳ್ಳುತ್ತಿದ್ದಾರೆ. ಯಾರು?

ಮರುದಿನ ಹೂ ಬಿಡಿಸಿ ಬಂದ ಹೊತ್ತಿಗೆ ಸರಿಯಾಗಿ ಸಾವಿತ್ರಿಯೊಂದಿಗೆ ಹೋದೆ. ಎದೆಯಲ್ಲಿ ಗಡ್ಡೆ ಕಟ್ಟಿದೆಯೇ ನೋಡಬೇಕು ಎಂದೆ. ನಾಗವ್ವ ಬುಟ್ಟಿ ಇಳಿಸಿ ಹಿಂದೆಯೇ ಬಂದಳು.

“ನಾನೂ ಇರ್ತೀನಿ. ಸೊಸಿ ನಂದು.”

“ಇರವ್ವ, ನೀನೂ ನೋಡು” ಎಂದೆ. ಸಿಕ್ಕಿಬೀಳುವವರು ಎದುರಿಗೇ ಇರಲಿ ಎಂದು ನನ್ನ ಎಣಿಕೆ.

ರೇಣುಕಾ ಸೆರಗು ಬಿಗಿ ಹಿಡಿದಳು. ಒಂದು ಕ್ಷಣ ಎಳೆದಾಟ ಆದ ಹಾಗೇ ಆಯಿತು. ಆಮೇಲೆ ಕೈ ಸಡಿಲ ಬಿಟ್ಟಳು. ರವಿಕೆಯ ಒಳಗೆ ಹಳೆಯ ಧೋತರದ ಪಟ್ಟಿಯನ್ನು ಎದೆಗೆ ಸುತ್ತಿ ಬೆನ್ನ ಹಿಂದೆ ಗಂಟು ಹಾಕಿತ್ತು. ಬಿಚ್ಚಿದೆ. ಹಾಲಿಗೆ ನೆನೆದು ಕಂದು ಬಣ್ಣಕ್ಕೆ ತಿರುಗಿದ, ಚಪ್ಪಟೆಯಾದ ಮಲ್ಲಿಗೆ ಹೂಗಳು ಪಿತಪಿತನೆ ಚಾಪೆಯ ಮೇಲೆ ಉದುರಿದವು.

ನಾನು ನಾಗವ್ವನ ಕಡೆ ತಿರುಗಿದೆ. “ಯವ್ವಾ, ಕೂಸಿನ್ನೂ ಉಸಿರಾಡಾಕತ್ತೈತಿ. ಇದನ್ನ ಯಾಕ ಕಟ್ಟಿದಿ?”

ಅವಳು ನನ್ನನ್ನು ನೋಡಲಿಲ್ಲ. ಹೂಗಳನ್ನು ನೋಡಿದಳು. ನೋಡುತ್ತ ನೋಡುತ್ತ ಹೊಸ್ತಿಲ ಮೇಲೆ ಕುಳಿತಳು. ಮೂವತ್ತು ವರ್ಷ ಜನರ ಮುಖ ನೋಡಿ ನೌಕರಿ ಮಾಡಿದ್ದೇನೆ. ನಟಿಸುವವರ ಮುಖ ಅದಲ್ಲ.

“ಯಾಕಲೇ ರೇಣಿ?” ಎಂದು ಸೊಸೆಯನ್ನು ಕೇಳಿದಳು. “ಹೋದ ಸಲ ನಾ ಕಟ್ಟಿದ್ದು ಹುಡುಗ ಮಣ್ಣಿಗೆ ಹೋದ ಮ್ಯಾಲ. ಇದು ಜೀವಂತ ಐತಲ್ಲಲೇ! ಜೀವ ಇದ್ದಂಗ ಮಣ್ಣಿಗೆ ಕಳಸ್ತೀಯೇನು?”

ರೇಣುಕಾಳ ಪೂರ್ತಿ ಮಾತನ್ನು ನಾನು ಕೇಳಿದ್ದು ಆಗಲೇ.

“ನೀವ ಅಂದಿದ್ರಿ.”

“ನಾ ಏನಂದೆ?”

“ಆ ಹುಡುಗನ್ನ ಹೊರಗ ಒಯ್ಯುವಾಗ ಅಂದ್ರಿ. ನಿನ್ನ ಎದಿ ಹಾಲ ವಿಷ ಆತು, ನಿನ್ನ ಕೂಸನ್ನ ನೀನ ತಿಂದಿ ಅಂತ. ಓಣಿ ಮಂದಿ ಎಲ್ಲ ಕೇಳ್ಯಾರ.”

ಮೂರು ವರ್ಷದ ಹಿಂದೆ ಅವಳ ಚೊಚ್ಚಲ ಗಂಡು ಕೂಸು ಸತ್ತದ್ದು ನನಗೆ ಆಗ ಗೊತ್ತಾಯಿತು. ಒಂದೂವರೆ ತಿಂಗಳಿಗೆ ಭೇದಿ ಶುರುವಾಗಿ, ನಿಂತು ಮತ್ತೆ ಬಂದು, ಮೂರು ತಿಂಗಳು ತುಂಬುವುದರೊಳಗೆ ಹೋಗಿತ್ತು. ಈ ಹೆಣ್ಣು ಕೂಸಿಗೆ ಒಂದೂವರೆ ತಿಂಗಳಾಗುವವರೆಗೆ ರೇಣುಕಾ ಹೇಗೋ ಧೈರ್ಯ ಮಾಡಿ ಕುಡಿಸಿದಳು. ಆ ಹುಡುಗನಿಗೆ ಭೇದಿ ಶುರುವಾದ ವಯಸ್ಸು ಹತ್ತಿರ ಬಂದ ಹಾಗೆ ಅಂಜಿಕೆ ಹತ್ತಿತು. ಆಗಲೇ ತೋಟವೂ ಮೊಗ್ಗಿಗೆ ಬಂತು. ಮಾಲೆ ಕಟ್ಟಲೆಂದು ಒದ್ದೆ ಬಟ್ಟೆಯಲ್ಲಿ ಉಳಿಸಿದ ಹೂವಿನಿಂದ, ಎಲ್ಲರೂ ತೋಟಕ್ಕೆ ಹೋದ ಹೊತ್ತಿನಲ್ಲಿ, ದಿನಾ ಒಂದು ಹಿಡಿ ತೆಗೆದು ಎದೆಗೆ ಕಟ್ಟಿಕೊಂಡಳು. ಬುಟ್ಟಿಗಟ್ಟಲೆ ಹೂ ಓಡಾಡುವ ಮನೆಯಲ್ಲಿ ಒಂದು ಹಿಡಿ ಯಾರ ಕಣ್ಣಿಗೆ ಬೀಳುತ್ತದೆ? ಮಲ್ಲಿಗೆ ಕಟ್ಟಿದರೆ ಹಾಲು ಹೋಗುತ್ತದೆ ಎಂದು ಅವಳಿಗೆ ಕಲಿಸಿದ್ದು ಸ್ವತಃ ಅತ್ತೆಯೇ, ಆ ಸಾವಿನ ಮರುದಿನ.

ಇಷ್ಟು ದಿನ ನಾಗವ್ವನಿಗೆ ಇದ್ದ ಗುಮಾನಿ ಬೇರೆ. ಸೊಸೆ ಬೇಕಂತಲೇ ಕುಡಿಸುತ್ತಿಲ್ಲ, ಹೆಣ್ಣೆಂದು ಅಸಡ್ಡೆ, ಜನಕ್ಕೆ ಗೊತ್ತಾದರೆ ಮನೆಯ ಮರ್ಯಾದೆ ಏನು ಎಂದು ಬಾಗಿಲು ಕಾಯುತ್ತಿದ್ದಳು. ನಾವು ಅವಳನ್ನು ಗುಮಾನಿಯಿಂದ ನೋಡಿದೆವು, ಅವಳು ಸೊಸೆಯನ್ನು. ಸೊಸೆ ಮಾತ್ರ ಬೇರೆ ಯಾರನ್ನೂ ಅಲ್ಲ, ತನ್ನ ಎದೆಯನ್ನೇ.

“ಅಂದಿದ್ದೆನೇನ...” ನಾಗವ್ವ ತನ್ನನ್ನೇ ಕೇಳಿಕೊಂಡಳು. “ದುಃಖದಾಗ ಬಾಯಿಗೆ ಬಂದದ್ದು ಅಂದಿರ್ತೀನಿ. ನನಗ ನೆನಪೂ ಇಲ್ಲ. ಅದನ್ನ ಹೊತ್ಕೊಂಡು ಕುಂತೀಯೇನ್ಲೇ ಇಷ್ಟು ದಿನ?”

ನಾನು ನನ್ನ ವಿದ್ಯೆ ಬಿಚ್ಚಿದೆ. ತಾಯಿಯ ಹಾಲು ಹಾಗೆ ವಿಷ ಆಗುವುದಿಲ್ಲ. ಆ ಹುಡುಗನಿಗೆ ಎದೆ ಹಾಲಿನ ಜೊತೆ ಏನು ಕೊಡುತ್ತಿದ್ದಿರಿ ಎಂದು ಕೇಳಿದೆ. ಬೆಲ್ಲದ ನೀರು, ಬಾಟಲಿಯಲ್ಲಿ ಆಕಳ ಹಾಲು ಎಂದರು. ಭೇದಿ ಬಂದದ್ದು ಬಾಟಲಿಯಿಂದ ಇರಬೇಕು, ನಿನ್ನಿಂದಲ್ಲ. ಈಗ ಈ ಕೂಸಿಗೂ ಅದೇ ಬಾಟಲಿ ಹಿಡಿದಿದ್ದೀರಿ ಎಂದೆ. ರೇಣುಕಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದಳು:

“ನೀವು ನೌಕರಿಯವರು ಅಕ್ಕಾರ. ಹಂಗ ಹೇಳಬೇಕು, ಹೇಳ್ತೀರಿ.”

 ಸಾವಿತ್ರಿ ನನ್ನ ಮುಖ ನೋಡಿದಳು, ನಾನು ಕೂಸಿನ ಮುಖ ನೋಡಿದೆ.

ನಾಗವ್ವ ಎದ್ದಳು. ಗೂಡಿನಲ್ಲಿದ್ದ ಒಳಲೆ ತೆಗೆದಳು. ಕೂಸಿಗೆ ಹಾಲು ಹಾಕುವ ಮೂತಿಯುಳ್ಳ ಪುಟ್ಟ ಬಟ್ಟಲು ಅದು. ಸೆರಗಿನಿಂದ ಒರೆಸಿ ಸೊಸೆಯ ಮುಂದೆ ಹಿಡಿದಳು.

“ಹಿಂಡು.”

“ಯಾಕ್ರಿ ಅತ್ತಿ?”

“ಹಿಂಡಂದ್ರ ಹಿಂಡು. ಕೇಳಬ್ಯಾಡ.”

ಅಳುವ ಕೂಸು ಪಕ್ಕದಲ್ಲೇ ಇತ್ತು. ಅದರ ದನಿಗೆ ಹಾಲು ಇಳಿಯಿತು. ಒಳಲೆಯ ತಳ ತುಂಬಿತು. ನಾಗವ್ವ ಅದನ್ನು ಕಣ್ಣಿಗೆ ಒತ್ತಿಕೊಂಡು, ತಲೆ ಹಿಂದಕ್ಕೆ ಹಾಕಿ, ಒಂದೇ ಗುಟುಕಿಗೆ ಕುಡಿದುಬಿಟ್ಟಳು. ಬಾಯಿ ಒರೆಸಿಕೊಂಡು ಸೊಸೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು.

“ಸಿಹಿ ಅದಾವ. ಇಂಥಾ ಹಾಲು ಎದಿಗೆ ಸುತ್ತಿದ ಅರಿವಿ ಪಟ್ಟಿಗೆ ಕುಡಿಸ್ಯಾಳ ನೋಡ್ರಿ ನರ್ಸಮ್ಮಾರ. ವಿಷ ಇದ್ರ ಮೊದಲು ನಾ ಸಾಯ್ತೀನಿ. ಹಾಲಿಗೆ ಹೆಸರಿಟ್ಟಾಕಿ ನಾನ, ಸಾಯೂದೂ ನಾನ ಸಾಯ್ಲಿ. ನಾಳಿ ಹೂ ಬಿಡಸಾಕ ಒಂದು ಆಳು ಹಿಡ್ಕೊ, ಅಷ್ಟ.”

ಸಾವಿತ್ರಿಗೆ ನಗು ಬಂತು, ಅಳುವೂ ಬಂತು. ರೇಣುಕಾಗೆ ಎರಡೂ ಬರಲಿಲ್ಲ. ಅತ್ತೆಯ ಮುಖವನ್ನೇ, ಹೊಟ್ಟೆಯನ್ನೇ ನೋಡುತ್ತಿದ್ದಳು. ಕೂಸನ್ನು ಎದೆಗೆ ಹಚ್ಚಿಕೋ ಎಂದರೆ “ನಾಳಿ ನೋಡೂಣ್ರಿ” ಎಂದಳು. ಅವಳಿಗೆ ಒಂದು ರಾತ್ರಿ ದಾಟಬೇಕಿತ್ತು. ಒತ್ತಾಯ ಮಾಡಿದರೆ ನಾವು ಹೊರಟ ಮೇಲೆ ಮತ್ತೆ ಹೂ ಕಟ್ಟುತ್ತಾಳೆ. ಹಾಗಾಗಿ ಅಂದಿನ ಮಟ್ಟಿಗೆ ಬಾಟಲಿ ತೆಗೆಸಿ, ಚೆನ್ನಾಗಿ ಕಾಯಿಸಿದ ಹಾಲನ್ನು ಒಳಲೆಯಲ್ಲೇ ಹಾಕುವುದನ್ನು ತೋರಿಸಿ ಬಂದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ವಿಚಾರ: ಐವತ್ತೈದರ ಮುದುಕಿ, ಏಪ್ರಿಲ್ ಬಿಸಿಲು, ಈ ರಾತ್ರಿ ಅವಳಿಗೆ ಸುಮ್ಮನೆ ಒಂದು ಹೊಟ್ಟೆನೋವು ಬಂದರೂ ಸಾಕು, ಆ ಕೂಸು ಉಳಿಯುವುದಿಲ್ಲ.

ಮರುದಿನ ಸಾವಿತ್ರಿ ಬೆಳಗಾಗುತ್ತಲೇ ಹೋಗಿ ನೋಡಿ ಬಂದು ಹೇಳಿದ್ದು ಇದು. ರೇಣುಕಾ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ನಿಂತು ತೋಟದ ದಾರಿ ನೋಡುತ್ತಿದ್ದಳಂತೆ. ದೂರದಲ್ಲಿ ನಾಗವ್ವನ ದನಿ ಕೇಳಿಸಿತು. ಮೊಗ್ಗಿನ ಜೊತೆ ಎಲೆ ಹರಿದು ಹಾಕಿದ್ದಕ್ಕೆ ಮಗನಿಗೆ ಬಯ್ಯುತ್ತ ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ನಡಿಗೆ ಎಂದಿನಂತೆ ಬಿರುಸು. ರೇಣುಕಾ ಅದನ್ನು ಕಣ್ಣಾರೆ ನೋಡಿ ಒಳಗೆ ಹೋಗಿ ಕೂಸನ್ನು ಎದೆಗೆ ಹಚ್ಚಿಕೊಂಡಳು.

“ನಿಮ್ಮ ಮಾತು ನಂಬಲಿಲ್ಲ ಮೇಡಂ, ಮುದುಕಿ ಬಯ್ಗಳ ನಂಬಿದಳು” ಎಂದಳು ಸಾವಿತ್ರಿ.

ಕಡಿಮೆಯಾದ ಹಾಲನ್ನು ಮತ್ತೆ ಏರಿಸುವುದು ತಾಳ್ಮೆಯ ಕೆಲಸ. ಕೂಸು ಎಷ್ಟು ಸಲ ಚೀಪುತ್ತದೋ ಅಷ್ಟು ಹಾಲು ಬರುತ್ತದೆ. ರೇಣುಕಾಗೆ ಕೊಡುತ್ತಿದ್ದ ಊಟ ಬರೀ ಅನ್ನ, ಮೆಣಸಿನ ಸಾರು. ನೀರು ಕುಡಿದರೆ ನಂಜು ಎಂದು ಒಂದು ಲೋಟಕ್ಕೂ ಲೆಕ್ಕ. ಅದರ ಮೇಲೆ ನಾಗವ್ವನಿಗೂ ನನಗೂ ದೊಡ್ಡ ವಾದ ಆಯಿತು. ಕೊನೆಗೆ ಜೋಳದ ರೊಟ್ಟಿ, ತೊಗರಿ ಬೇಳೆ, ಮೆಂತ್ಯ ಸೊಪ್ಪು ಒಪ್ಪಿದಳು. ಮೊಸರು ಮಾತ್ರ ಕಡೆಯವರೆಗೂ ಒಪ್ಪಲಿಲ್ಲ. ಬಿಟ್ಟೆ. ಮೂರು ವಾರದ ಮೇಲೆ ತಕ್ಕಡಿ ಮುಳ್ಳು ನಾಲ್ಕೂವರೆಯ ಹತ್ತಿರ ಬಂತು. ಆರು ತಿಂಗಳಿಗೆ ಆರು ಕಿಲೋ ಮುಟ್ಟಿತು. ತೂಗಿದಾಗಲೆಲ್ಲ ನಾಗವ್ವ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು, ನನ್ನ ಕಣ್ಣಿನ ದೃಷ್ಟಿಯೇ ಮೊದಲು ತೆಗೆಯಬೇಕೆಂದು. ಅಷ್ಟರ ಮಟ್ಟಿಗೆ ನಮ್ಮ ಮೇಲಿನ ಗುಮಾನಿ ಉಳಿದೇ ಇತ್ತು.

ಒಂದೂವರೆ ತಿಂಗಳು ತೂಕ ನಿಂತದ್ದಕ್ಕೆ ಅಷ್ಟೊಂದು ಗಾಬರಿ ಯಾಕೆ ಎಂದು ಓದುವವರು ಕೇಳಬಹುದು. ನಮ್ಮ ಕೇಂದ್ರದ ಡಾಕ್ಟರು ಅದನ್ನು ನಮಗೆ ಬಿಡಿಸಿ ಹೇಳುತ್ತಿದ್ದರು. ಬಸಿರು ನಿಂತಾಗಿನಿಂದ ಕೂಸಿಗೆ ಎರಡು ವರ್ಷ ತುಂಬುವವರೆಗೆ ಮೈ ತನ್ನ ಮನೆ ಕಟ್ಟಿಕೊಳ್ಳುವ ಕಾಲ. ಮಿದುಳು, ಮೂಳೆ, ಹೃದಯ, ಸಕ್ಕರೆಯನ್ನು ಅರಗಿಸುವ ಅಂಗ, ಎಲ್ಲವೂ ಆಗಲೇ ತಮ್ಮ ಅಳತೆ ಗೊತ್ತುಮಾಡಿಕೊಳ್ಳುತ್ತವೆ. ಆಗ ಉಣ್ಣಲು ಕಡಿಮೆ ಬಿದ್ದರೆ ಮೈ ಚಿಕ್ಕ ಒಲೆ ಕಟ್ಟಿಕೊಳ್ಳುತ್ತದೆ. ಮುಂದೆ ಕೈಗೆ ನಾಲ್ಕು ಕಾಸು ಬಂದು, ಹಬ್ಬದಡುಗೆಯಷ್ಟು ಅದರ ಮೇಲೆ ಏರಿಸಿದರೆ ಒಲೆ ತಡೆಯುವುದಿಲ್ಲ. ನಡುವಯಸ್ಸಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗೆ ದಾರಿ ಸಲೀಸಾಗುತ್ತದೆ. ಹಾಗೇ ಆಗುತ್ತದೆ ಎಂದಲ್ಲ, ಆಗುವ ಸಂಭವ ಹೆಚ್ಚು.

ಆ ಮಾತು ನನಗೆ ಪೂರ್ತಿ ತಿಳಿದದ್ದು ಒಂಬತ್ತು ವರ್ಷದ ಮೇಲೆ. 2007ರಲ್ಲಿ ಹಡಗಲಿಯಲ್ಲಿ ಸಕ್ಕರೆ ಕಾಯಿಲೆ ತಪಾಸಣೆಯ ಶಿಬಿರ ಇತ್ತು. ಹಗರಿಬೊಮ್ಮನಹಳ್ಳಿಗೆ ವರ್ಗವಾಗಿದ್ದ ನನ್ನನ್ನೂ ಕರೆಸಿದ್ದರು. ಸಾಲಿನಲ್ಲಿ ಕೊಟ್ರೇಶ ನಿಂತಿದ್ದ. ಕಡ್ಡಿಯಂಥ ಮನುಷ್ಯ, ನಲವತ್ತು ಆಗಿರಲಿಲ್ಲ. ರಕ್ತದಲ್ಲಿ ಸಕ್ಕರೆ ಬಹಳ ಏರಿತ್ತು. ಜೊತೆಗೆ ನಾಗವ್ವ, ರೇಣುಕಾ ಬಂದಿದ್ದರು. ಹುಡುಗಿಗೆ ಶಾಲೆಯ ಪರೀಕ್ಷೆಯಂತೆ, ಬಂದಿರಲಿಲ್ಲ. ಅವಳ ಎತ್ತರವನ್ನು ರೇಣುಕಾ ತನ್ನ ಭುಜ ಮುಟ್ಟಿ ತೋರಿಸಿದಳು.

“ಅಕ್ಕಾರ, ನಾ ದಪ್ಪ ಇಲ್ಲ, ಕೂತು ತಿನ್ನಾಂವ ಅಲ್ಲ. ನನಗ್ಯಾಕ ಬಂತ್ರಿ ಸಕ್ರಿ?” ಎಂದು ಕೇಳಿದ ಕೊಟ್ರೇಶ.

ಕಾರಣ ಹಲವು ಇರುತ್ತವೆ, ಒಬ್ಬ ಮನುಷ್ಯನಿಗೆ ಇದೇ ಎಂದು ಯಾರೂ ಬೊಟ್ಟು ಮಾಡಿ ಹೇಳಲಾರರು ಎಂದೆ. ತಾಯಿಯ ಹೊಟ್ಟೆಯಲ್ಲಿದ್ದಾಗ, ಎಳೆಗೂಸಾಗಿದ್ದಾಗ ಸಿಕ್ಕ ಪೌಷ್ಟಿಕತೆಯೂ ಒಂದು ಕಾರಣ ಆಗಿರಬಹುದು ಎಂದು ಸೇರಿಸಿದೆ. ಸಲೀಸಾಗಿ ಹೇಳಿದ ಮಾತು. ನಾಗವ್ವ ನನ್ನ ಮುಂಗೈ ಹಿಡಿದಳು.

“ಹಂಗಾರ ನನ್ನ ಹಾಲಿಂದ ಬಂತೇನ್ರಿ ಇದು?”

ಅವಳ ಕಣ್ಣಲ್ಲಿ ಆ ಹಳೆಯ ಗುಮಾನಿ ನೋಡಿದೆ. ಹಿಂದೆ ಸೊಸೆಯ ಕಣ್ಣಲ್ಲಿದ್ದದ್ದೇ. ಕೊಟ್ರೇಶ ಹೊಟ್ಟೆಯಲ್ಲಿದ್ದಾಗ, ಹೆಚ್ಚು ಉಂಡರೆ ಕೂಸು ಬೆಳೆದು ಹೆರಿಗೆ ಕಷ್ಟ ಆಗುತ್ತದೆಂದು ಮನೆಯ ಹಿರಿಯರು ಅವಳಿಗೆ ಹೊತ್ತಿಗೆ ಅರ್ಧ ರೊಟ್ಟಿಯ ಮೇಲೆ ಹಾಕುತ್ತಿರಲಿಲ್ಲವಂತೆ. ಬಾಣಂತನದಲ್ಲೂ ಹಾಗೇ. “ಹಾಲು ನೀರಿನಂಗ ಇದ್ವು. ನಾನ ಇವನ್ನ ಹಿಂಗ ಮಾಡಿದೆನೇನ್ರಿ?” ಎಂದಳು.

ನಾನು ಬಾಯಿ ತೆರೆಯುವುದರೊಳಗೆ ರೇಣುಕಾ ಮಾತಾಡಿದಳು.

“ಸುಮ್ನಿರ್ರಿ ಅತ್ತಿ. ನಿಮಗ ರೊಟ್ಟಿ ಹಾಕದವ್ರನ್ನ ಕೇಳ್ರಿ. ನಿಮ್ಮ ಹಾಲನ್ನ ಯಾಕ ಕೇಳ್ತೀರಿ?”

“ಅವ್ರೆಲ್ಲ ಸತ್ತು ಹೋಗ್ಯಾರಲ್ಲಲೇ.”

“ಹಂಗಾರ ಬಿಡ್ರಿ. ಬಸ್ಸಿಗೆ ಹೊತ್ತಾತು. ಔಷಧ ತಗೊಂಡು ಹೋಗೂಣು.”

ಮೂವರೂ ಎದ್ದು ಹೋದರು. ಕೊಟ್ರೇಶ ಮುಂದೆ, ಸೊಸೆಯ ಭುಜ ಹಿಡಿದು ನಾಗವ್ವ ಹಿಂದೆ.

ನೌಕರಿ ನನಗೆ ಕಲಿಸಿದ್ದು ಆ ಸೊಸೆಯ ಬಾಯಿಂದ ಬಂತು. ಎಳವೆಯ ಊಟ ಇಡೀ ಬಾಳಿಗೆ ಅಡಿಪಾಯ ಎನ್ನುವುದು ನಿಜ. ಆದರೆ ಆ ನಿಜವನ್ನು ತಾಯಿಯೊಬ್ಬಳ ಎದೆಗೆ ಗುರಿ ಹಿಡಿದರೆ ಆ ನಿಜವೇ ಕೂಸನ್ನು ಕೊಲ್ಲುತ್ತದೆ. ಆಮೇಲಿನ ನನ್ನ ಕೆಲಸದ ವರ್ಷಗಳಲ್ಲಿ ನಕ್ಷೆಯ ಗೆರೆ ಮಲಗಿದಾಗಲೆಲ್ಲ ನೀನು ಕೂಸಿಗೆ ಏನು ಕುಡಿಸಿದೆ ಎಂದು ನಾನು ತಾಯಿಯನ್ನು ಮೊದಲು ಕೇಳಲಿಲ್ಲ. ನಿನಗೆ ಇವತ್ತು ಯಾರು, ಏನು ಉಣ್ಣಲು ಹಾಕಿದರು ಎಂದು ಕೇಳಿದೆ. ಆ ಪ್ರಶ್ನೆ ಕೇಳುವಾಗ ಗಟ್ಟಿ ದನಿಯಲ್ಲಿ ಕೇಳುತ್ತಿದ್ದೆ, ಬಾಗಿಲಲ್ಲಿ ನಿಂತವರಿಗೂ ಕೇಳಿಸಲಿ ಎಂದು.